ಮೋಟಾರು ಮನೆಯ ವಿದ್ಯುಜ್ಜನಕ: ಕಳಚುವ ಕ್ರಮ, ಕೂಡಿಸುವ ಕ್ರಮ

ಮನೆಯೆಂದರೆ ಇದ್ದಲ್ಲೇ ಇರತಕ್ಕದ್ದು, ಬಂಡಿಯೆಂದರೆ ಓಡತಕ್ಕದ್ದು ಎಂಬುದು ನಮ್ಮ ರೂಢಿಯ ಎಣಿಕೆ. ಅಮೆರಿಕದ ಜನರು ಇವೆರಡನ್ನೂ ಕೂಡಿಸಿ ಮೋಟಾರು ಮನೆಯೆಂಬ ವಾಹನವನ್ನು ಮಾಡಿಕೊಂಡಿದ್ದಾರೆ. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ ವಿನ್ನೆಬೇಗೋ ಕಂಪನಿಯು 1966ರಿಂದ ಇಂಥವುಗಳನ್ನು ತಯಾರಿಸುತ್ತ ಬಂದಿದೆ. ಒಳಗೆ ಮಂಚವುಂಟು, ಅಡಿಗೆಯ ಒಲೆಯುಂಟು, ಬಚ್ಚಲುಂಟು, ತಂಪುಗಾಳಿಯ ಯಂತ್ರವೂ ಉಂಟು. ಬಿಡಾರದ ತಾಣದಲ್ಲಿ ವಿದ್ಯುತ್ತಿನ ಸೌಕರ್ಯವಿದ್ದರೆ ಅಲ್ಲಿಂದ ತಂತಿ ಎಳೆದುಕೊಳ್ಳಬಹುದು. ಕಾಡಿನ ನಡುವೆ ನಿಂತಾಗ ಏನು ಗತಿ? ಅದಕ್ಕಾಗಿಯೇ ಗಾಡಿಯ ಹೊಟ್ಟೆಯೊಳಗೆ ಒಂದು ಜನರೇಟರನ್ನು ಅಳವಡಿಸಿರುತ್ತಾರೆ.

ಜನರೇಟರ್ ಎಂಬ ಶಬ್ದವು ನಮಗೆ ತೀರ ಪರಕೀಯವೇನೂ ಅಲ್ಲ. ಅದರ ಲ್ಯಾಟಿನ್ ಮೂಲವೂ ಸಂಸ್ಕೃತದ ‘ಜನ್’ ಧಾತುವೂ ದಾಯಾದಿಗಳು. ಆದ್ದರಿಂದ ಇದನ್ನು ವಿದ್ಯುಜ್ಜನಕವೆಂದು ಕರೆದರೆ ತಪ್ಪಾಗದು. ಪೆಟ್ರೋಲ್, ಡೀಸೆಲ್ ಅಥವಾ ಅಡಿಗೆ ಅನಿಲದಿಂದ ಓಡುವ ಒಂದು ಇಂಜನ್, ಅದು ತಿರುಗಿಸುವ ಒಂದು ವಿದ್ಯುದ್ಯಂತ, ಇಷ್ಟೇ ಇದರ ಸ್ವರೂಪ. ಮಿನಿಯಾಪೊಲಿಸ್ ನಗರದಲ್ಲಿ ಡೇವಿಡ್ ಓನನ್ ಎಂಬವರು 1920ರಲ್ಲಿ ಸ್ಥಾಪಿಸಿದ ಓನನ್ ಕಂಪನಿಯ ಯಂತ್ರಗಳು ಈ ಗಾಡಿಗಳಲ್ಲಿ ಹೇರಳವಾಗಿವೆ. ಆ ಕಂಪನಿ ಈಗ ಕಮಿನ್ಸ್ ಸಂಸ್ಥೆಗೆ ಸೇರಿದೆ. ಅಲ್ಲಿನ ವಿದ್ಯುತ್ತು 120 ವೋಲ್ಟಿನದು, ನಮ್ಮದು 230 ವೋಲ್ಟಿನದು. ಆದರೂ ಎರಡೂ ಅಪಾಯಕಾರಿಯೇ.

ಈ ಯಂತ್ರಕ್ಕೆ ದುಡಿಮೆಗಿಂತ ಸೋಮಾರಿತನವೇ ಹೆಚ್ಚು ಕೇಡು. ತಿಂಗಳುಗಟ್ಟಲೆ ಸುಮ್ಮನೆ ನಿಂತರೆ ಪೆಟ್ರೋಲ್ ಹಳತಾಗಿ ಅಂಟುಗಟ್ಟಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ತಿಂಗಳಿಗೊಮ್ಮೆ ಅರ್ಧದಷ್ಟು ಹೊರೆ ಕೊಟ್ಟು ಸುಮಾರು ಎರಡು ಗಂಟೆ ಓಡಿಸಬೇಕೆಂದು ತಯಾರಕರು ಹೇಳುವುದು ಇದಕ್ಕಾಗಿಯೇ.

ಯಂತ್ರ ನಿಂತಿತೆಂದ ಕೂಡಲೇ ಸ್ಪ್ಯಾನರ್ ಹಿಡಿಯಬೇಕೆ? ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಇಲ್ಲಿ ನೆನೆಯಬೇಕು. ಮೊದಲು ಪೆಟ್ರೋಲಿನ ಮುಳ್ಳನ್ನು ನೋಡಿ. ಅನೇಕ ಗಾಡಿಗಳಲ್ಲಿ ಜನರೇಟರಿಗೆ ಪೆಟ್ರೋಲ್ ಒಯ್ಯುವ ಕೊಳವೆಯು ಟ್ಯಾಂಕಿನ ತಳವನ್ನು ಮುಟ್ಟುವುದಿಲ್ಲ. ಕಾಲು ಭಾಗ ಉಳಿದಾಗಲೇ ಯಂತ್ರ ತಾನಾಗಿ ನಿಲ್ಲುತ್ತದೆ. ರಾತ್ರಿಯೆಲ್ಲ ದೀಪ ಉರಿಸಿ ಬೆಳಿಗ್ಗೆ ಗಾಡಿ ಹೊರಡಲಾರದಂತೆ ಆಗಬಾರದೆಂಬ ಮುಂದಾಲೋಚನೆ ಇದು. ಇಂಜನ್ ಎಣ್ಣೆ ಕಡಮೆಯಾದರೂ ಹಲವು ಯಂತ್ರಗಳು ತಾವೇ ನಿಲ್ಲುತ್ತವೆ. ತಿರುಗಲೇ ಒಲ್ಲದೆಂದರೆ ಬ್ಯಾಟರಿಯನ್ನೂ ಅದರ ತಂತಿಗಳನ್ನೂ ಪರೀಕ್ಷಿಸಿರಿ. ಓಡುತ್ತಿದ್ದರೂ ವಿದ್ಯುತ್ತು ಬಾರದಿದ್ದರೆ ಯಂತ್ರದ ಮೈಮೇಲಿನ ಬ್ರೇಕರ್ ಬಿದ್ದಿದೆಯೇ ನೋಡಿರಿ. ಇವೆಲ್ಲ ಸರಿಯಿದ್ದು, ದೋಷವು ಕೈಯೆಟುಕದ ಭಾಗದಲ್ಲಿದ್ದರೆ ಮಾತ್ರ ಹೊರತೆಗೆಯುವ ಮಾತು.

ವೇದಪಾಠದಲ್ಲಿ ಅನುಲೋಮ, ವಿಲೋಮ ಎಂದು ಎರಡು ಗತಿಗಳುಂಟಷ್ಟೆ. ಈ ಕೆಲಸಕ್ಕೂ ಅದೇ ನಿಯಮ: ಬಿಚ್ಚಿದ ಕ್ರಮಕ್ಕೆ ವಿಲೋಮವಾಗಿ ಕೂಡಿಸಬೇಕು. ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ ಚಕ್ರಗಳಿಗೆ ಅಡ್ಡಮರ ಕೊಡಿ. ಇಂಜನ್ ಪೂರ್ತಿ ತಣಿಯಲಿ. ಹೊರಗಿನ ವಿದ್ಯುತ್ತಿನ ತಂತಿಯನ್ನು ಕಿತ್ತು, ಇನ್ವರ್ಟರ್ ಇದ್ದರೆ ಅದನ್ನೂ ಆರಿಸಿ. ಆಮೇಲೆ ಬ್ಯಾಟರಿಯ ಋಣ ತಂತಿಯನ್ನು ಮೊದಲು ತೆಗೆಯಿರಿ, ಧನ ತಂತಿ ಆಮೇಲೆ. ಈ ನಿಯಮ ಏಕೆ? ಗಾಡಿಯ ಕಬ್ಬಿಣದ ಮೈಯೆಲ್ಲ ಋಣ ತುದಿಗೆ ಕೂಡಿಕೊಂಡಿರುತ್ತದೆ. ಧನವನ್ನು ಮೊದಲು ಬಿಚ್ಚ ಹೊರಟಾಗ ಸ್ಪ್ಯಾನರ್ ಆ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಕೊಳವೆ! ಋಣ ತಂತಿ ಮೊದಲೇ ದೂರವಾಗಿದ್ದರೆ ಕಿಡಿಗೆ ದಾರಿಯೇ ಇಲ್ಲ.

ಬಳಿಕ ಪೆಟ್ರೋಲ್ ಕೊಳವೆಯನ್ನು ಬಿಡಿಸಿ ಬಾಯಿಗೆ ಬಿರಡೆ ಹಾಕಿ. ಅನಿಲದ ಯಂತ್ರವಾದರೆ ಸಿಲಿಂಡರಿನ ಬಳಿಯೇ ತಿರುಪನ್ನು ಮುಚ್ಚಿ. ಮನೆಗೆ ಹೋಗುವ ತಂತಿಗಳಿಗೆ ಬಿಚ್ಚುವ ಮುನ್ನವೇ ಗುರುತು ಚೀಟಿ ಕಟ್ಟಿ. ಅಮೆರಿಕದಲ್ಲಿ ಕಪ್ಪು ತಂತಿ ಸಜೀವ, ಬಿಳಿಯದು ತಟಸ್ಥ, ಹಸಿರು ಭೂಮಿಯದು. ನಮ್ಮಲ್ಲಿ ಕಪ್ಪು ತಟಸ್ಥವಾದ್ದರಿಂದ, ಅಲ್ಲಿ ನೆಲೆಸಿದ ಕನ್ನಡಿಗರು ಹಳೆಯ ಅಭ್ಯಾಸದಿಂದ ಕಪ್ಪನ್ನು ನಂಬಿ ಮುಟ್ಟಬಾರದು. ಒಳಗಿನ ಗುಂಡಿಗೆ ಹೋಗುವ ತಂತಿಯನ್ನೂ ಹೊಗೆ ಕೊಳವೆಯನ್ನೂ ಕೊನೆಗೆ ಕಳಚಿರಿ.

ಇನ್ನು ಭಾರದ ವಿಷಯ. ಸಣ್ಣ ಯಂತ್ರವೂ ಸುಮಾರು 80 ಕಿಲೋಗ್ರಾಂ ತೂಗುತ್ತದೆ, ದೊಡ್ಡ ಡೀಸೆಲ್ ಯಂತ್ರಗಳು ಇದರ ಮೂರು ಪಟ್ಟನ್ನೂ ಮೀರುತ್ತವೆ. ಕೆಲವು ಗಾಡಿಗಳಲ್ಲಿ ಇದು ಪಕ್ಕದ ಗೂಡಿನಲ್ಲಿ ಕುಳಿತಿರುತ್ತದೆ, ಕೆಲವುಗಳಲ್ಲಿ ನೆಲದ ಕೆಳಗೆ ನೇತಾಡುತ್ತದೆ. ನೇತಾಡುವುದಾದರೆ ಅಗಲ ತಲೆಯ ಜ್ಯಾಕನ್ನು ಕೆಳಗೆ ಒತ್ತಿ ನಿಲ್ಲಿಸಿ, ಯಂತ್ರವನ್ನು ಅದಕ್ಕೆ ಪಟ್ಟಿಯಿಂದ ಬಿಗಿದ ಮೇಲೆಯೇ ಬೋಲ್ಟಿಗೆ ಕೈಹಚ್ಚಬೇಕು. ಬರಿಯ ಜ್ಯಾಕಿನ ಆಧಾರದಲ್ಲಿರುವ ಭಾರದ ಕೆಳಗೆ ಯಾರೂ ತಲೆಯೊಡ್ಡಬಾರದು. ಒಬ್ಬರೇ ಮಾಡುವ ಕೆಲಸ ಇದಲ್ಲ.

ದುರಸ್ತಿಯಾಗಿ ಬಂದ ಯಂತ್ರವನ್ನು ಕೂಡಿಸುವಾಗ ಋಣ ತಂತಿಯೇ ಕೊನೆಯದು. ಆದರೆ ಎಲ್ಲಕ್ಕಿಂತ ಮಿಗಿಲಾದ ಎಚ್ಚರ ಬೇಕಾದದ್ದು ಹೊಗೆ ಕೊಳವೆಯ ಬೆಸುಗೆಯಲ್ಲಿ. ಹಳೆಯ ಗ್ಯಾಸ್ಕೆಟನ್ನು ಎಸೆದು ಹೊಸದನ್ನೇ ಹಾಕಿರಿ. ಇಂಜನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಸಂದಿನಿಂದ ಸೋರಿದ ಅನಿಲವು ನೆಲದ ಬಿರುಕಿನಿಂದ ಮಲಗುವ ಕೋಣೆಗೆ ಏರಿದರೆ, ತಲೆನೋವೆಂದು ಮಲಗಿದವರು ಏಳದೆ ಹೋಗಬಹುದು. ಆದ್ದರಿಂದ ಯಂತ್ರವನ್ನು ಬಯಲಿನಲ್ಲಿ ಓಡಿಸಿ, ಸೋರಿಕೆಯನ್ನು ಪರೀಕ್ಷಿಸಿ, ಒಳಗಿನ ವಿಷಾನಿಲ ಸೂಚಕವು ಕೂಗುತ್ತದೆಯೇ ಎಂದು ಗುಂಡಿ ಒತ್ತಿ ನೋಡಿದ ಮೇಲೆಯೇ ಮಕ್ಕಳನ್ನು ಒಳಗೆ ಮಲಗಿಸಬೇಕು.

ಮೋಟಾರು ಮನೆ ನಮ್ಮಲ್ಲಿ ಅಪರೂಪವಿರಬಹುದು, ಜನರೇಟರ್ ಅಪರೂಪವಲ್ಲ. ಕಲ್ಯಾಣಮಂಟಪದ ಹಿಂದೆ, ಅಂಗಡಿಯ ಜಗಲಿಯ ಮೇಲೆ ಅದರ ಸದ್ದು ನಿಮಗೆ ಪರಿಚಿತವೇ. ಮಳೆ ಬಂತೆಂದು ಅದನ್ನು ನಡುಮನೆಗೋ ಮುಚ್ಚಿದ ಕೋಣೆಗೋ ಒಯ್ದು ಓಡಿಸುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಸದ್ದು ಕಿವಿಗೆ ಕೇಳುತ್ತದೆ, ಹೊಗೆ ಕಣ್ಣಿಗೆ ಕಾಣಲೂಬಹುದು. ಕೊಲ್ಲುವ ಅನಿಲ ಮಾತ್ರ ಯಾವ ಇಂದ್ರಿಯಕ್ಕೂ ಗೋಚರವಲ್ಲ.