ನಿಮಗಿದು ಗೊತ್ತೆ? ಹಸಿವಿಗೆ ಮದ್ದು ಕೊಟ್ಟ ವಿಷಹಲ್ಲಿ

ಊಟ ಸಾಕೆನ್ನಿಸುವುದು ಹೊಟ್ಟೆ ಭಾರವಾದದ್ದರಿಂದ ಮಾತ್ರವಲ್ಲ. ಆಹಾರ ಇಳಿಯುತ್ತಿದ್ದಂತೆ ಕರುಳಿನ ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ಜಠರ ಬರಿದಾಗುವ ವೇಗ ತಗ್ಗಿಸುತ್ತದೆ, ಮಿದುಳಿಗೆ ‘ಸಾಕು’ ಎಂಬ ಸುದ್ದಿ ಮುಟ್ಟಿಸುತ್ತದೆ. ಇನ್ಸುಲಿನ್ ಜೊತೆಗೇ ಹೊರಬರುವ ಅಮೈಲಿನ್ ಕೂಡ ಹಸಿವನ್ನು ತಣಿಸುತ್ತದೆ. ಇವಕ್ಕೆ ಎದುರಾಳಿ, ಜಠರದಿಂದ ಬರುವ ಗ್ರೆಲಿನ್. ಜಪಾನಿನ ವಿಜ್ಞಾನಿಗಳು 1999ರಲ್ಲಿ ಪತ್ತೆಮಾಡಿದ ಈ ಹಾರ್ಮೋನು ಊಟಕ್ಕೆ ಮುಂಚೆ ಏರಿ, ಉಂಡ ಮೇಲೆ ಇಳಿಯುತ್ತದೆ.

ಪಥ್ಯದಿಂದ ತೂಕ ಇಳಿಸಿದವರಲ್ಲಿ ಗ್ರೆಲಿನ್ ಮಟ್ಟ ಹೆಚ್ಚುತ್ತದೆ. ಇಳಿದ ತೂಕ ಮರಳಿತೆಂದು ಅಂಥವರನ್ನು ಬಾಯಿಚಪಲದವರೆಂದು ಹೀಗಳೆಯುವುದು ಅನ್ಯಾಯ.

ಜಿಎಲ್‌ಪಿ-1 ಅನ್ನೇ ಮದ್ದಾಗಿಸಲು ದೊಡ್ಡ ತೊಡಕಿತ್ತು: ರಕ್ತದಲ್ಲಿ ಸುಮಾರು 2 ನಿಮಿಷಕ್ಕೇ ಅದರ ಅರ್ಧಭಾಗ ನಾಶವಾಗುತ್ತದೆ. ದಾರಿ ತೋರಿಸಿದ್ದು ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷಹಲ್ಲಿ. ವರ್ಷಕ್ಕೆ ಕೆಲವೇ ಬಾರಿ ಉಂಡು, ಬಾಲದಲ್ಲಿ ಕೊಬ್ಬು ಕೂಡಿಟ್ಟು ಬದುಕುವ ಜೀವಿ ಅದು! ನ್ಯೂಯಾರ್ಕಿನ ವೈದ್ಯ ಜಾನ್ ಎಂಗ್ 1992ರಲ್ಲಿ ಅದರ ವಿಷದಿಂದ ಎಕ್ಸೆಂಡಿನ್-4 ಅನ್ನು ಬೇರ್ಪಡಿಸಿದರು. ಕೆಲಸ ಜಿಎಲ್‌ಪಿ-1ರದೇ, ಬಾಳಿಕೆ ಗಂಟೆಗಟ್ಟಲೆ. ಪ್ರಯೋಗಾಲಯದಲ್ಲಿ ತಯಾರಿಸಿದ ಅದರ ರೂಪ ಎಕ್ಸೆನಟೈಡ್‌ಗೆ 2005ರಲ್ಲಿ ಅಮೆರಿಕದಲ್ಲಿ ಮಧುಮೇಹದ ಔಷಧವಾಗಿ ಒಪ್ಪಿಗೆ ಸಿಕ್ಕಿತು.

ತೂಕ ಇಳಿಸುವ ಔಷಧವಾಗಿ ಇಂದು ಮನೆಮಾತಾಗಿರುವ ಸೆಮಾಗ್ಲುಟೈಡ್ ಹಲ್ಲಿಯ ವಿಷದಿಂದ ಬಂದದ್ದಲ್ಲ. ಮಾನವನ ಜಿಎಲ್‌ಪಿ-1ರ ಮಾರ್ಪಡಿಸಿದ ರೂಪ. ವಾರಕ್ಕೊಂದು ಚುಚ್ಚುಮದ್ದು ಸಾಕು. ವಾಕರಿಕೆ, ವಾಂತಿ ಇದರ ಸಾಮಾನ್ಯ ಅಡ್ಡಪರಿಣಾಮಗಳಾದ್ದರಿಂದ, ವೈದ್ಯರನ್ನು ಕೇಳದೆ ದಯವಿಟ್ಟು ಚುಚ್ಚಿಸಿಕೊಳ್ಳಬೇಡಿ.