ಯಾರ ಗೇಣಿಗೆ ಅಳೆದ ಗಿಟಾರ್?

ಹೈದರಾಬಾದಿನಲ್ಲಿ ಭಾನುವಾರ ಬೆಳಿಗ್ಗೆ ಗಿಟಾರ್ ಚೀಲ ಬೆನ್ನಿಗೇರಿಸಿಕೊಂಡು ಮೆಟ್ರೊ ಹತ್ತುವ ಮಕ್ಕಳು ಈಗ ಎಲ್ಲೆಲ್ಲೂ ಕಾಣುತ್ತಾರೆ. ನೃಪತುಂಗ ಶಾಲೆಯಿರುವ ಕಾಚಿಗುಡದ ಹಳೆಯ ಕನ್ನಡ ಮನೆಗಳ ಮಕ್ಕಳೂ ಅವರಲ್ಲಿದ್ದಾರೆ, ಐಟಿ ಕೆಲಸಕ್ಕೆಂದು ಬಂದು ಕೊಂಡಾಪುರದಲ್ಲಿ ನೆಲೆಸಿದವರ ಮಕ್ಕಳೂ ಇದ್ದಾರೆ. ಇವರಲ್ಲಿ ಹಲವರು, ಅದರಲ್ಲೂ ಹೆಣ್ಣುಮಕ್ಕಳು, ಒಂದೇ ಬೆರಳಿನಿಂದ ತಂತಿಗಳನ್ನೆಲ್ಲ ಅಡ್ಡಲಾಗಿ ಒತ್ತಬೇಕಾದ ಎಫ್ ಕಾರ್ಡ್ ಕಲಿಯುವ ಹೊತ್ತಿಗೆ ಒಂದು ಮಾತು ಕೇಳಿಸಿಕೊಳ್ಳುತ್ತಾರೆ: "ನಿನ್ನ ಕೈ ಚಿಕ್ಕದು, ಇನ್ನೆರಡು ವರ್ಷ ತಡಿ." ಇದೇ ಮಾತನ್ನು ನಲವತ್ತು ವರ್ಷದ ಹೆಂಗಸಿಗೂ ಹೇಳುತ್ತಾರೆ. ಆಕೆ ಎಷ್ಟು ವರ್ಷ ತಡೆಯಬೇಕು?

ಈ ಮಾತು ನನಗೆ ಸಿಟ್ಟು ತರಿಸುತ್ತದೆ. ಕೈಗೆ ಅಳತೆಯಿರುವಂತೆ ಗಿಟಾರಿಗೂ ಒಂದು ಅಳತೆಯಿದೆ. ಕೈಯ ಅಳತೆ ಹುಟ್ಟಿನಿಂದ ಬಂದದ್ದು, ಗಿಟಾರಿನದು ಕಾರ್ಖಾನೆಯಲ್ಲಿ ನಿಗದಿಯಾದದ್ದು. ಬದಲಾಗಬೇಕಾದದ್ದು ಯಾವುದು ಎಂಬುದರಲ್ಲಿ ಅನುಮಾನವೇ ಇರಬಾರದು.

ಲೆಕ್ಕ ಸರಳ. ನೆಕ್ಕಿನ ತುದಿಯ ನಟ್‌ನಿಂದ ಕೆಳಗಿನ ಬ್ರಿಜ್‌ವರೆಗೆ ತಂತಿ ಕಂಪಿಸುವ ಉದ್ದವೇ ಸ್ಕೇಲ್. ಫೆಂಡರ್ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಅದು 25.5 ಇಂಚು, ಅಂದರೆ 648 ಮಿಲಿಮೀಟರ್. ಗಿಬ್ಸನ್ ಲೆಸ್ ಪಾಲ್‌ನಲ್ಲಿ ಸುಮಾರು 628. ನೆಕ್ಕಿನ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿ, ಅಂದರೆ ಫ್ರೆಟ್, ಎಲ್ಲಿ ಕೂರಬೇಕೆಂಬುದನ್ನು ಈ ಉದ್ದವೇ ತೀರ್ಮಾನಿಸುತ್ತದೆ. ಸ್ಟ್ರಾಟ್‌ನಲ್ಲಿ ನಟ್‌ನಿಂದ ನಾಲ್ಕನೇ ಫ್ರೆಟ್‌ಗೆ ಸುಮಾರು 134 ಮಿಲಿಮೀಟರ್. ಸ್ಕೇಲ್ 24 ಇಂಚಾದರೆ ಇದೇ ಅಂತರ 126ಕ್ಕೆ, 22.5 ಇಂಚಾದರೆ 118ಕ್ಕೆ ಇಳಿಯುತ್ತದೆ. ಕಿರುಬೆರಳು ಮುಟ್ಟುವುದಕ್ಕೂ ಮುಟ್ಟದಿರುವುದಕ್ಕೂ ಅಷ್ಟೇ ವ್ಯತ್ಯಾಸ ಸಾಕು.

ವಿಚಿತ್ರವೆಂದರೆ, ವಿದ್ಯುತ್ ಗಿಟಾರ್ ಹುಟ್ಟಿದಾಗ ಅದರ ನೆಕ್ಕನ್ನು ಕೈಯಲ್ಲಿ ಹಿಡಿಯುವ ಪ್ರಶ್ನೆಯೇ ಇರಲಿಲ್ಲ. 1932ರಲ್ಲಿ ರಿಕೆನ್‌ಬ್ಯಾಕರ್ ಮಾರುಕಟ್ಟೆಗೆ ತಂದ, ಜಾರ್ಜ್ ಬೋಶಾಂಪ್ ರೂಪಿಸಿದ 'ಫ್ರೈಯಿಂಗ್ ಪ್ಯಾನ್' ಹವಾಯನ್ ಗಿಟಾರ್. ತೊಡೆಯ ಮೇಲೆ ಮಲಗಿಸಿ ತಂತಿಯ ಮೇಲೆ ಉಕ್ಕಿನ ಪಟ್ಟಿ ಜಾರಿಸಿ ನುಡಿಸುವಂಥದ್ದು. ನಮ್ಮ ಹಳೆಯ ಸಿನಿಮಾ ಹಾಡುಗಳಲ್ಲಿ ಜಾರುತ್ತ ಬರುವ ದನಿ ಈ ಕುಲದ್ದೇ. ಮುಂದೆ ಗಿಟಾರ್ ಎದೆಗೆ ಬಂದಾಗ ಅಂಗೈಗೆ ಕೆಲಸ ಬಿತ್ತು. ತಂತಿಗಳ ಎಳೆತಕ್ಕೆ ಮರ ಬಾಗದಿರಲು ನೆಕ್ಕನ್ನು ದಪ್ಪಗೆ ಮಾಡುತ್ತಿದ್ದ ಕಾಲ ಅದು. ಇದಕ್ಕೆ ಪರಿಹಾರ ಆಗಲೇ ಸಿಕ್ಕಿತ್ತು. ಗಿಬ್ಸನ್ ಕಂಪನಿಯ ಥಡ್ಡಿಯಸ್ ಮೆಕ್‌ಹ್ಯೂ ನೆಕ್ಕಿನ ಒಳಗೆ ಹುದುಗಿಸುವ, ಬೇಕಾದಾಗ ತಿರುಗಿಸಿ ಬಿಗಿ ಮಾಡುವ ಉಕ್ಕಿನ ಸರಳಿಗೆ 1923ರಲ್ಲಿ ಪೇಟೆಂಟ್ ಪಡೆದಿದ್ದರು. ಅದೇ ಟ್ರಸ್ ರಾಡ್. ಇವತ್ತು ನಮ್ಮ ಕೈಗೆ ತೆಳುವಾದ ನೆಕ್ ಸಿಗುತ್ತಿರುವುದು ಆ ಸರಳಿನಿಂದ.

1950ರಲ್ಲಿ ಲಿಯೊ ಫೆಂಡರ್ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಹಲಗೆಯಂಥ ಒಡಲಿಗೆ ಮೇಪಲ್ ನೆಕ್ಕನ್ನು ಸ್ಕ್ರೂ ಹಾಕಿ ಕೂರಿಸಿದರು. ರೇಡಿಯೊ ರಿಪೇರಿಯಿಂದ ಬಂದವರು. ಸ್ವತಃ ಗಿಟಾರ್ ನುಡಿಸುತ್ತಿರಲಿಲ್ಲ. ಎಸ್ಕ್ವೈರ್ ಎಂಬ ಹೆಸರಿನ ಆ ಮೊದಲ ಗಿಟಾರುಗಳಲ್ಲಿ ಟ್ರಸ್ ರಾಡ್ ಇರಲಿಲ್ಲ. ನೆಕ್ ಬಾಗಿತೆಂಬ ದೂರು ಬಂದ ಮೇಲೆ ಹಾಕಿದರು. 1951ರಲ್ಲಿ ಟೆಲಿಕ್ಯಾಸ್ಟರ್ ಎಂಬ ಹೆಸರು ನಿಂತಿತು, 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ಬಂತು. ಎರಡಕ್ಕೂ ಅದೇ 25.5 ಇಂಚು. ಮುಂದಿನ ದಶಕಗಳಲ್ಲಿ ಲೋಕದ ಅರ್ಧ ಕಾರ್ಖಾನೆಗಳು ಇವೆರಡರ ನಕಲನ್ನೇ ಮಾಡಿದ್ದರಿಂದ ಒಂದು ಕಂಪನಿಯ ಆಯ್ಕೆ ಎಲ್ಲರ ನಿಯಮವಾಯಿತು.

ಚಿಕ್ಕ ಕೈಯನ್ನು ಯಾರೂ ನೆನೆಯಲಿಲ್ಲ ಎಂದಲ್ಲ. 1956ರಲ್ಲಿ ಫೆಂಡರ್ ಕಂಪನಿಯೇ 22.5 ಇಂಚಿನ ಮ್ಯೂಸಿಕ್‌ಮಾಸ್ಟರ್ ಮತ್ತು ಡ್ಯುಯೊ-ಸಾನಿಕ್ ತಂದಿತು. ಆದರೆ ಅವುಗಳ ಮೇಲೆ 'ವಿದ್ಯಾರ್ಥಿಗಳಿಗೆ' ಎಂಬ ಹಣೆಪಟ್ಟಿ ಅಂಟಿಸಿ ಮಾರಿತು. ಇಡೀ ಕಥೆ ಅಡ್ಡದಾರಿ ಹಿಡಿದದ್ದು ಅಲ್ಲೇ ಎನ್ನುವುದು ನನ್ನ ಅನಿಸಿಕೆ. ಚಿಕ್ಕ ಸ್ಕೇಲ್ ಅಂದರೆ ಮಕ್ಕಳದು, ಕಲಿಯುವವರದು, ಒಂದು ದಿನ ಬಿಟ್ಟು ಮುಂದೆ ಹೋಗಬೇಕಾದದ್ದು ಎಂಬ ಭಾವನೆ ಆಗಲೇ ಬೇರೂರಿತು. ವಾಸ್ತವ ಬೇರೆಯೇ ಇತ್ತು. ಅದಕ್ಕೆ ಒಂದು ವರ್ಷ ಮೊದಲು, 1955ರಲ್ಲಿ, ಗಿಬ್ಸನ್ 23.5 ಇಂಚಿನ ಬರ್ಡ್‌ಲ್ಯಾಂಡ್ ಮಾಡಿದ್ದು ಬಿಲ್ಲಿ ಬರ್ಡ್ ಮತ್ತು ಹ್ಯಾಂಕ್ ಗಾರ್ಲಂಡ್ ಎಂಬ ಪಳಗಿದ ವೃತ್ತಿ ವಾದಕರಿಗಾಗಿ. 1960ರಲ್ಲಿ ಹ್ಯಾಂಬರ್ಗ್‌ನಲ್ಲಿ ಜಾನ್ ಲೆನನ್ ಕೊಂಡ ರಿಕೆನ್‌ಬ್ಯಾಕರ್ 325ರ ಸ್ಕೇಲ್ ಬರೀ 20.75 ಇಂಚು. ಬೀಟಲ್ಸ್ ಮೇಲೆ ಬಂದದ್ದು ಆ ಪುಟ್ಟ ಗಿಟಾರನ್ನು ಹಿಡಿದೇ. 24 ಇಂಚಿನ ಜಾಗ್ವಾರ್ 1962ರಲ್ಲಿ, ಮಸ್ಟಾಂಗ್ 1964ರಲ್ಲಿ ಬಂದವು; ಮಸ್ಟಾಂಗ್ ಮುಂದೆ ಕರ್ಟ್ ಕೊಬೇನ್ ಕೈಸೇರಿತು.

ಆಮೇಲೆ ನೆಕ್ ತೆಳುವಾಗುವ ಕಾಲ. 1987ರಲ್ಲಿ ಜಪಾನಿನ ಐಬನೆಝ್ ಸ್ಟೀವ್ ವಾಯ್ ಜೊತೆ ಸೇರಿ ಜೆಮ್ ಮಾಡಿತು. ಅದೇ ಕಂಪನಿಯ ವಿಝರ್ಡ್ ನೆಕ್ ಮೊದಲ ಫ್ರೆಟ್ ಬಳಿ ಸುಮಾರು 17 ಮಿಲಿಮೀಟರ್ ದಪ್ಪ. ಚಿಕ್ಕ ಕೈಯವರಿಗೆ ಅಂಗಡಿಯವರು ಮೊದಲು ತೋರಿಸುವುದು ಇಂಥದನ್ನೇ. ಇಲ್ಲೊಂದು ಎಚ್ಚರ ಬೇಕು. ತೆಳು ಬೇರೆ, ಚಿಕ್ಕದು ಬೇರೆ. ಆ ನೆಕ್ ಅಗಲದಲ್ಲಿ 43 ಮಿಲಿಮೀಟರ್ ಇದೆ, ಸ್ಕೇಲ್ ಅದೇ 25.5. ಬೆನ್ನು ಚಪ್ಪಟೆಯಾದ್ದರಿಂದ ಹೆಬ್ಬೆರಳಿಗೆ ಆನಿಕೆ ಸಿಗದೆ ಅದರ ಬುಡ ನೋಯುವುದೂ ಉಂಟು. ಹದವಾಗಿ ದುಂಡಗಿರುವ, ಮಾರುವವರು 'ಸಿ' ಎಂದು ಕರೆಯುವ ಆಕಾರ ಚಿಕ್ಕ ಅಂಗೈಗೆ ಹೆಚ್ಚು ಹೊಂದುತ್ತದೆ. 1960ರ ದಶಕದಲ್ಲಿ ಫೆಂಡರ್ ನಟ್‌ನ ಅಗಲವನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿ, ಕೇಳಿದವರಿಗೆ 'ಎ' ಅಗಲವನ್ನೂ ಕೊಡುತ್ತಿತ್ತು. ಅದು ಒಂದೂವರೆ ಇಂಚು, 38 ಮಿಲಿಮೀಟರ್. ಅಂಥ ಆಯ್ಕೆ ಸಾಮಾನ್ಯ ಅಂಗಡಿಯಲ್ಲಿ ಇವತ್ತಿಲ್ಲದಿರುವುದು ದೊಡ್ಡ ನಷ್ಟ.

ನಮ್ಮ ಕಡೆ ಈ ಮಾತು ಬಂದಾಗಲೆಲ್ಲ ನನಗೆ ನೆನಪಾಗುವವರು ಮ್ಯಾಂಡೊಲಿನ್ ವಾದಕ ಯು. ಶ್ರೀನಿವಾಸ್. 1969ರಲ್ಲಿ ಗೋದಾವರಿ ಸೀಮೆಯ ಪಾಲಕೊಲ್ಲಿನಲ್ಲಿ ಹುಟ್ಟಿದ ಹುಡುಗ. ತಂದೆ ಸತ್ಯನಾರಾಯಣ ಕ್ಲಾರಿನೆಟ್ ವಾದಕರು. ಗುರು ರುದ್ರರಾಜು ಸುಬ್ಬರಾಜು ಅವರಿಗೆ ಮ್ಯಾಂಡೊಲಿನ್ ಬಾರದು. ಅವರು ಹಾಡುವರು, ಹುಡುಗ ಅದನ್ನು ತಂತಿಗೆ ಇಳಿಸುವನು. 1978ರಲ್ಲಿ ಗುಡಿವಾಡದಲ್ಲಿ ಮೊದಲ ಕಛೇರಿ ಕೊಟ್ಟಾಗ ವಯಸ್ಸು ಒಂಬತ್ತು. ಮ್ಯಾಂಡೊಲಿನ್‌ನ ಸ್ಕೇಲ್ ಸುಮಾರು 14 ಇಂಚು. ನಾಲ್ಕು ಫ್ರೆಟ್ ಸೇರಿದರೂ 73 ಮಿಲಿಮೀಟರ್, ಒಂಬತ್ತರ ಬೆರಳಿಗೆ ಧಾರಾಳ. ಆದರೆ ಜೋಡಿ ಜೋಡಿಯಾಗಿ ಎಂಟು ತಂತಿ ಇರುವ ಮಾಮೂಲಿ ಮ್ಯಾಂಡೊಲಿನ್‌ನಲ್ಲಿ ತಂತಿ ಎಳೆದು ಗಮಕ ತರುವುದು ಕಷ್ಟ, ನಾದವೂ ಬೇಗ ಆರುತ್ತದೆ. ಅವರು ವಿದ್ಯುತ್ ಮ್ಯಾಂಡೊಲಿನ್ ಹಿಡಿದರು, ಜೋಡಿ ಬಿಟ್ಟು ಒಂಟಿ ತಂತಿಗಳನ್ನು ಇಟ್ಟುಕೊಂಡರು, ಮಂದ್ರಕ್ಕಾಗಿ ಐದನೆಯದನ್ನು ಸೇರಿಸಿಕೊಂಡರು. ದೊಡ್ಡವರಾದ ಮೇಲೂ ಅದೇ ಪುಟ್ಟ ನೆಕ್ಕಿನ ಮೇಲೆ ರಾಗ ವಿಸ್ತರಿಸಿದರು. 2014ರಲ್ಲಿ ತೀರಿಕೊಳ್ಳುವ ತನಕ ಅದನ್ನು ಮಕ್ಕಳ ವಾದ್ಯವೆಂದು ಯಾರೂ ಕರೆಯಲಿಲ್ಲ.

ಇನ್ನೊಂದು ನಂಟು ನಮ್ಮ ಮಲೆನಾಡಿನದು. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿದ ಮೇಲೆ, 1960ರ ದಶಕದ ಕೊನೆಯಿಂದ, ಅಮೆರಿಕದ ಗಿಟಾರ್ ತಯಾರಕರು ಭಾರತದ ಬೀಟೆಯ ಕಡೆ ತಿರುಗಿದರು. ಕೊಡಗು, ಚಿಕ್ಕಮಗಳೂರಿನ ಕಾಡುಗಳಲ್ಲಿ ಬೆಳೆಯುವ ಬೀಟೆಯ ಜಾತಿಯೇ ಲೋಕದ ಎಷ್ಟೋ ಫಿಂಗರ್‌ಬೋರ್ಡ್‌ಗಳ ಮರ. ನಮ್ಮ ಮರದ ಮೇಲೆ ನಮ್ಮ ಮಕ್ಕಳ ಬೆರಳು ಎಟುಕದಿರುವುದು ಬೇಸರದ ಸಂಗತಿ.

ಅಕ್ಕನ ಮಗಳಿಗೆ ಗಿಟಾರ್ ಕೊಳ್ಳಲು ಸಿಕಂದರಾಬಾದಿನ ಕಡೆ ಹೋದಾಗ ನಾವು ಬಳಸಿದ್ದು ಒಂದು ಕೇಪೋ, ಅಂದರೆ ಫ್ರೆಟ್ ಬಳಿ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು. ದೊಡ್ಡ ಗಿಟಾರಿನ ಮೊದಲ ಫ್ರೆಟ್‌ಗೆ ಕೇಪೋ ಹಾಕಿದರೆ ಉಳಿಯುವ ಉದ್ದ ಸುಮಾರು 611 ಮಿಲಿಮೀಟರ್. ಹೆಚ್ಚುಕಡಿಮೆ ಜಾಗ್ವಾರ್‌ನ ಸ್ಕೇಲ್. ಎರಡನೇ ಫ್ರೆಟ್‌ಗೆ ಹಾಕಿದರೆ 577, ಡ್ಯುಯೊ-ಸಾನಿಕ್‌ನ ಹತ್ತಿರ. ಎದುರಿಗೆ ಚಿಕ್ಕ ಗಿಟಾರ್ ಇಲ್ಲದಿದ್ದರೂ ಯಾವ ಸ್ಕೇಲ್ ಹೊಂದುತ್ತದೆಂದು ಹೀಗೆ ನೋಡಬಹುದು. ಕೇಪೋ ಇಲ್ಲದಾಗ ಅವಳ ಮಣಿಕಟ್ಟು ಸೊಟ್ಟಗಾಗಿ ಮೊಣಕೈ ಹೊಟ್ಟೆಗೆ ಅಂಟಿಕೊಂಡಿತ್ತು, ಹೆಬ್ಬೆರಳ ಉಗುರು ಒತ್ತಡಕ್ಕೆ ಬಿಳಿಚಿತ್ತು. ಮೊದಲ ಫ್ರೆಟ್‌ಗೆ ಹಾಕಿದ ಕೂಡಲೇ ಮಣಿಕಟ್ಟು ನೆಟ್ಟಗಾಯಿತು. "ಮಾಮಾ, ಈಗ ಕಿರುಬೆರಳು ಮುಟ್ಟಲತ್ತದ ನೋಡು" ಅಂದಳು, ಬೀದರಿನ ಅಜ್ಜಿಯ ಮಾತಿನಲ್ಲೇ.

ಕೇಪೋದಿಂದ ಎಫ್ ಕಾರ್ಡ್ ಸಲೀಸಾದರೆ ನಟ್‌ನ ಮೇಲೂ ಕಣ್ಣಿಡಬೇಕು. ಅಗ್ಗದ ಗಿಟಾರುಗಳಲ್ಲಿ ನಟ್‌ನ ಕಚ್ಚುಗಳನ್ನು ಸಾಕಷ್ಟು ಆಳವಾಗಿ ಕೊರೆದಿರುವುದಿಲ್ಲ, ಮೊದಲ ಫ್ರೆಟ್‌ನಲ್ಲಿ ತಂತಿ ಒತ್ತುವುದೇ ದಂಡನೆಯಾಗುತ್ತದೆ. ಮೂರನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು ಮೊದಲ ಫ್ರೆಟ್ ಮೇಲೆ ನೋಡಿ: ಕಾಗದ ತೂರುವಷ್ಟು ಸಂದು ಇದ್ದರೆ ಸರಿ, ಅದಕ್ಕಿಂತ ಹೆಚ್ಚಿದ್ದರೆ ರಿಪೇರಿಯವರ ಕೈಯಲ್ಲಿ ಅರ ಹಿಡಿಸಿ. ಎಷ್ಟೋ ಮಕ್ಕಳ 'ಚಿಕ್ಕ ಕೈ'ಗೆ ಇದರಿಂದಲೇ ಪರಿಹಾರ ಸಿಗುತ್ತದೆ, ಹೊಸ ಗಿಟಾರ್ ಬೇಕಿಲ್ಲ.

ತಂತಿಯ ಬಿಗಿಯೂ ಮುಖ್ಯ. ಅದೇ ತಂತಿ, ಅದೇ ಶ್ರುತಿ ಇಟ್ಟರೆ 22.5 ಇಂಚಿನಲ್ಲಿ ಎಳೆತ ಸ್ಟ್ರಾಟ್‌ಗಿಂತ ಶೇ 22ರಷ್ಟು ಕಡಿಮೆ. ಹಾಗಾಗಿ ದೊಡ್ಡ ಗಿಟಾರಿಗೆ 9ರ ಸೆಟ್ (ಅತಿ ತೆಳು ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 9 ಭಾಗ) ಹಾಕುವವರು ಚಿಕ್ಕದಕ್ಕೆ 10ರದು ಹಾಕಿದರೆ ಬೆರಳಿಗೆ ಹತ್ತಿರ ಹತ್ತಿರ ಅದೇ ಬಿಗಿ ಸಿಗುತ್ತದೆ, ಶ್ರುತಿಯೂ ನಿಲ್ಲುತ್ತದೆ.

ಅಕ್ಕನ ಮಗಳು ಕೊನೆಗೆ ಆರಿಸಿದ್ದು 24 ಇಂಚಿನದು. ಇನ್ನೂ ಚಿಕ್ಕದು ಬೇಡ ಅಂದಳು. ಹನ್ನೆರಡನೇ ಫ್ರೆಟ್ ದಾಟಿದ ಮೇಲೆ ಬೆರಳುಗಳು ಒಂದರ ಮೇಲೊಂದು ಬೀಳುತ್ತಿದ್ದವು. ಚಿಕ್ಕ ಸ್ಕೇಲಿಗೆ ತೆರಬೇಕಾದ ಬೆಲೆ ಅದು, ಅವಳೇ ನುಡಿಸಿ ಕಂಡುಕೊಂಡದ್ದು. ಇನ್ನು ದಖ್ಖನಿನ ಏಪ್ರಿಲ್ ಬಿಸಿಲಿಗೆ ಮರ ಒಣಗಿ ಕುಗ್ಗಿದಾಗ ಫ್ರೆಟ್‌ನ ತುದಿಗಳು ಅಂಚಿನಿಂದ ಹೊರಚಾಚಿ ಅಂಗೈ ಗೀರುತ್ತವೆ. ಆಗ ತುದಿಗಳಿಗೆ ಅರ ಹಿಡಿಸಿ, ಟ್ರಸ್ ರಾಡ್ ನೋಡಿಸಬೇಕು. ಮಳೆಗಾಲ ಕೂತ ಮೇಲೆ ರಾಡ್ ಇನ್ನೊಮ್ಮೆ ನೋಡಿಸಬೇಕು.