‘ವಾಟಾ’ ಅಂದ್ರೆ ವಾವ್, ‘ಆಲು’ ಅಂದ್ರೆ ನಗು

ಇಂಟರ್ನಲ್ಸ್ ಮುಗಿದ ರಾತ್ರಿ. ಹಾಸ್ಟೆಲಿನ ಒಂದು ರೂಮು, ಎಂಟು ಜನ, ಒಂದು ಲ್ಯಾಪ್‌ಟಾಪು, ಅದರಲ್ಲಿ ‘ಪೀಕಿ ಬ್ಲೈಂಡರ್ಸ್’. ಅರ್ಧ ಡೈಲಾಗ್ ನಮಗೆ ಅರ್ಥವೇ ಆಗಲಿಲ್ಲ, ಸಬ್‌ಟೈಟಲ್ ಓದಿಕೊಂಡೇ ನೋಡಿದ್ದು. ಆದರೂ ಐದು ನಿಮಿಷಕ್ಕೊಮ್ಮೆ ಯಾರಾದರೊಬ್ಬರು ‘ಏನ್ ಆಕ್ಸೆಂಟ್ ಗುರೂ!’ ಅಂತಿದ್ದರು. ಅಷ್ಟರಲ್ಲಿ ಚಿಂತಾಮಣಿ ಕಡೆಯ ನಮ್ಮ ಗೆಳೆಯ ಟೀ ಮಾಡೋಕೆ ಎದ್ದವನು, ‘ಲೋ, ಆಲು ಐತಾ?’ ಅಂತ ಕೇಳಿದ. ರೂಮಿಗೆ ರೂಮೇ ನಕ್ಕಿತು. ‘ಆಲೂ ಇಲ್ಲಪ್ಪ, ಈರುಳ್ಳಿ ಇದೆ’ ಅಂದ ಒಬ್ಬ. ನಾವೂ ನಕ್ಕೆವು, ಸುಳ್ಳು ಯಾಕೆ ಹೇಳೋದು.

ಅವನೂ ನಕ್ಕ. ಆದರೆ ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಮನೆಯಿಂದ ಫೋನ್ ಬಂದರೆ ಅವನು ಕಾರಿಡಾರಿನ ಕೊನೆಗೆ ಹೋಗಿ ಮಾತಾಡ್ತಾನೆ. ಸೆಮಿನಾರಿನಲ್ಲಿ ಕನ್ನಡದಲ್ಲಿ ವಿವರಿಸಬಹುದು ಅಂದರೂ ತಡವರಿಸುವ ಇಂಗ್ಲಿಷಿಗೇ ಹೋಗ್ತಾನೆ. ಒಂದು ಮಾಕ್ ಇಂಟರ್‌ವ್ಯೂನಲ್ಲಿ ಪ್ರಾಜೆಕ್ಟ್ ಬಗ್ಗೆ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟು ಬಂದ. ಸಿಕ್ಕಿದ ಫೀಡ್‌ಬ್ಯಾಕ್ ಒಂದೇ ಸಾಲು: ಆಕ್ಸೆಂಟ್ ಸರಿಮಾಡಿಕೊಳ್ಳಿ.

ಹಾಗಾಗಿ ಈ ಸಲ ಕನ್ನಡ ಸಂಘದ ನಾವು ಕೆಲವರು ಕೂತು ಓದಿದ್ದು ಇದನ್ನೇ. ಅರ್ಧ ಅರ್ಥವಾಗದ ಉಚ್ಚಾರಕ್ಕೆ ಮೆಚ್ಚುಗೆ, ಪೂರ್ತಿ ಅರ್ಥವಾದ ಉಚ್ಚಾರಕ್ಕೆ ನಗು. ಎರಡೂ ಒಂದೇ ಕಿವಿಯಿಂದ, ಹತ್ತು ನಿಮಿಷದ ಅಂತರದಲ್ಲಿ. ಇದು ಹೇಗೆ?

ಮೊದಲು ಒಂದು ತಮಾಷೆ. ನಾವು ಅಷ್ಟು ಮೆಚ್ಚಿಕೊಂಡ ಆ ಸೀರಿಯಲ್ಲಿನ ಉಚ್ಚಾರ ಬರ್ಮಿಂಗ್‌ಹ್ಯಾಮ್ ನಗರದ್ದು. ಬ್ರಿಟನ್ನಿನಲ್ಲಿ ಯಾವ ಉಚ್ಚಾರ ಚೆನ್ನ ಅಂತ ಜನರನ್ನು ಕೇಳಿದ ಸಮೀಕ್ಷೆಗಳಲ್ಲಿ ದಶಕಗಳಿಂದ ಕೊನೆಯ ಸಾಲಿನಲ್ಲಿ ಬರುವುದು ಇದೇ. ಕಾರ್ಖಾನೆ ಊರು, ಕೂಲಿಕಾರರ ಮಾತು ಅನ್ನೋ ಹಣೆಪಟ್ಟಿ ಅದಕ್ಕೆ. ಇನ್ನು ಆ ಸೀರಿಯಲ್ಲಿನ ನಾಯಕ ನಟ ಐರ್ಲೆಂಡಿನ ಕಾರ್ಕ್ ಕಡೆಯವನು, ಈ ಉಚ್ಚಾರವನ್ನು ಕಲಿತು ಆಡಿದ್ದು. ಅಂದರೆ ಅಲ್ಲಿನವರು ಮೂಗು ಮುರಿಯುವ ಮಾತನ್ನು ನಾವಿಲ್ಲಿ ‘ಬ್ರಿಟಿಷ್, ಸೂಪರ್’ ಅಂತ ಮೆಚ್ಚಿದ್ದೆವು. ಇಂಪು ಶಬ್ದದಲ್ಲೇ ಇದ್ದಿದ್ದರೆ ಅದು ಲಂಡನ್ನಿನವರ ಕಿವಿಗೂ ಕೇಳಿಸಬೇಕಿತ್ತಲ್ಲ?

‘ಬ್ರಿಟಿಷ್ ಆಕ್ಸೆಂಟ್’ ಅಂದಾಗ ನಮ್ಮ ತಲೆಯಲ್ಲಿ ಬರುವುದು ಸಾಮಾನ್ಯವಾಗಿ ಆರ್‌ಪಿ, ಅಂದರೆ ರಿಸೀವ್ಡ್ ಪ್ರನೌನ್ಸಿಯೇಷನ್. ಇದು ಒಂದು ಊರಿನ ಮಾತಲ್ಲ, ಒಂದು ವರ್ಗದ ಮಾತು. ಈಟನ್, ಹ್ಯಾರೋ ತರಹದ ದುಬಾರಿ ವಸತಿ ಶಾಲೆಗಳಲ್ಲಿ ಕಲಿತವರು, ಆಕ್ಸ್‌ಫರ್ಡ್ ಕೇಂಬ್ರಿಡ್ಜಿಗೆ ಹೋದವರು, ಆಮೇಲೆ ಅಧಿಕಾರಿಗಳೋ ನ್ಯಾಯಾಧೀಶರೋ ಆದವರು ಆಡುತ್ತಿದ್ದ ಇಂಗ್ಲಿಷ್. ಡೇನಿಯಲ್ ಜೋನ್ಸ್ ಅನ್ನುವ ಧ್ವನಿಶಾಸ್ತ್ರಜ್ಞ 1917ರಲ್ಲಿ ಇದನ್ನೇ ಮಾದರಿಯಾಗಿಟ್ಟು ಉಚ್ಚಾರದ ನಿಘಂಟು ಮಾಡಿದ. 1922ರಲ್ಲಿ ಬಿಬಿಸಿ ಶುರುವಾಯಿತು. 1926ರಲ್ಲಿ ಬಿಬಿಸಿಯವರು ಯಾವ ಪದವನ್ನು ಹೇಗೆ ಉಚ್ಚರಿಸಬೇಕು ಅಂತ ತೀರ್ಮಾನಿಸೋಕೆ ಒಂದು ಸಮಿತಿಯನ್ನೇ ಮಾಡಿ, ಕವಿ ರಾಬರ್ಟ್ ಬ್ರಿಡ್ಜಸ್ ಅವರನ್ನು ಅದರ ಮುಖ್ಯಸ್ಥರನ್ನಾಗಿ ಕೂರಿಸಿದರು. ಅಲ್ಲಿಂದ ಮುಂದೆ ಸುದ್ದಿ ಅಂದರೆ ಆ ದನಿ. 1941ರಲ್ಲಿ ವಿಲ್ಫ್ರೆಡ್ ಪಿಕಲ್ಸ್ ಅನ್ನುವವರು ತಮ್ಮ ಯಾರ್ಕ್‌ಷೈರ್ ಉಚ್ಚಾರದಲ್ಲೇ ಸುದ್ದಿ ಓದಿದಾಗ ಕೇಳುಗರಿಂದಲೇ ಆಕ್ಷೇಪ ಬಂತು. ಸುದ್ದಿ ಅದೇ, ಓದಿದ ಬಾಯಿ ಮಾತ್ರ ಬೇರೆ.

ನಮ್ಮಲ್ಲೂ ನಡೆದದ್ದು ಇದೇ ದಾರಿ, ಸ್ವಲ್ಪ ತಡವಾಗಿ. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ನಿಲಯ ಶುರುಮಾಡಿದರು. ‘ಆಕಾಶವಾಣಿ’ ಅನ್ನುವ ಹೆಸರು ಬಂದದ್ದೂ ಅಲ್ಲಿಂದಲೇ. (ಅವರು ಮನಃಶಾಸ್ತ್ರದ ಪ್ರೊಫೆಸರ್ ಅನ್ನೋದು ನಮ್ಮ ಈ ವಿಷಯಕ್ಕೆ ಚೆನ್ನಾಗಿ ಒಪ್ಪುತ್ತೆ.) ಪಠ್ಯಪುಸ್ತಕ, ರೇಡಿಯೋ ವಾರ್ತೆ, ಸಿನಿಮಾ ನಾಯಕನ ಮಾತು ಇವೆಲ್ಲ ಮೈಸೂರು-ಬೆಂಗಳೂರು ಕಡೆಯ ಓದಿದವರ ಕನ್ನಡಕ್ಕೆ ಹತ್ತಿರವಾದವು. ಧಾರವಾಡದ್ದು, ಮಂಗಳೂರಿನದ್ದು ಬಹುಕಾಲ ಕಾಮಿಡಿ ಪಾತ್ರಗಳ ಪಾಲಿಗೆ ಬಂತು. 2014ರ ‘ಉಳಿದವರು ಕಂಡಂತೆ’ ಕರಾವಳಿ ಕನ್ನಡವನ್ನು ನಾಯಕರ ಬಾಯಲ್ಲಿ ಆಡಿಸಿದ ಮೇಲೆ ಅದನ್ನೇ ಮಿಮಿಕ್ರಿ ಮಾಡಿ ಮೆಚ್ಚಿಕೊಂಡವರು ನಮ್ಮಲ್ಲೇ ಎಷ್ಟು ಜನ! ಕರಾವಳಿಯ ಉಚ್ಚಾರ ಬದಲಾಗಿರಲಿಲ್ಲ. ಬದಲಾಗಿದ್ದು ಅದನ್ನು ಯಾರ ಬಾಯಲ್ಲಿ ಕೇಳಿದೆವು ಅನ್ನೋದು.

ಇದನ್ನು ಲ್ಯಾಬಿನಲ್ಲಿ ಅಳೆದವರೂ ಇದ್ದಾರೆ. 1960ರಲ್ಲಿ ಕೆನಡಾದ ಮಾಂಟ್ರಿಯಲ್ಲಿನಲ್ಲಿ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಫ್ರೆಂಚ್ ಎರಡನ್ನೂ ಸಲೀಸಾಗಿ ಆಡುವವರಿಂದ ಒಂದೇ ಪ್ಯಾರಾವನ್ನು ಎರಡೂ ಭಾಷೆಯಲ್ಲಿ ಓದಿಸಿ ರೆಕಾರ್ಡ್ ಮಾಡಿಕೊಂಡರು. ಕೇಳಿದವರಿಗೆ ಇವು ಬೇರೆ ಬೇರೆ ಜನರ ದನಿ ಅಂತಲೇ ಭಾವನೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಂದೇ ಒಂದು ವೇರಿಯಬಲ್ ಬದಲಿಸಿ ಉಳಿದದ್ದೆಲ್ಲ ಕಾನ್‌ಸ್ಟಂಟ್. ಫಲಿತಾಂಶ ಏನು ಗೊತ್ತಾ? ಅದೇ ಮನುಷ್ಯ ಇಂಗ್ಲಿಷಿನಲ್ಲಿ ಓದಿದಾಗ ಹೆಚ್ಚು ಬುದ್ಧಿವಂತ, ಹೆಚ್ಚು ಎತ್ತರ, ನೋಡೋಕೂ ಚೆನ್ನಾಗಿದ್ದಾನೆ ಅಂತ ಮಾರ್ಕ್ಸ್ ಬಿತ್ತು. ಟೇಪಿನಲ್ಲಿ ಎತ್ತರ ಕೇಳಿಸುತ್ತಾ? ಹಾಗೆ ಮಾರ್ಕ್ಸ್ ಕೊಟ್ಟವರಲ್ಲಿ ಫ್ರೆಂಚ್ ಮನೆಮಾತಿನವರೂ ಇದ್ದರು ಅನ್ನೋದನ್ನು ಮರೆಯಬೇಡಿ. ಊರಿನಲ್ಲಿ ದುಡ್ಡು, ದೊಡ್ಡ ಕೆಲಸ ಇಂಗ್ಲಿಷಿನವರ ಕೈಯಲ್ಲಿತ್ತು. ಕಿವಿ ಅದನ್ನು ಕಲಿತಿತ್ತು.

ಹಾಗಾದರೆ ಆ ಕಲಿಕೆ ಇಲ್ಲದ ಕಿವಿಗೆ ಏನು ಕೇಳಿಸುತ್ತೆ? ಹವರ್ಡ್ ಜೈಲ್ಸ್ ಮತ್ತು ಅವರ ತಂಡ 1974ರಲ್ಲಿ ಪ್ರಕಟಿಸಿದ್ದು ಇದರ ಉತ್ತರ. ಗ್ರೀಸಿನಲ್ಲಿ ಅಥೆನ್ಸಿನ ಉಚ್ಚಾರ ದೊಡ್ಡದು, ಕ್ರೀಟ್ ದ್ವೀಪದ್ದು ಹಳ್ಳಿಯದು. ಗ್ರೀಕ್ ಒಂದಕ್ಷರವೂ ಬಾರದ ಬ್ರಿಟಿಷ್ ವಿದ್ಯಾರ್ಥಿಗಳಿಗೆ ಎರಡನ್ನೂ ಕೇಳಿಸಿ ಯಾವುದು ಇಂಪು, ಯಾವುದು ಗೌರವದ್ದು ಅಂತ ಕೇಳಿದರು. ಗಮನಿಸುವಂಥ ವ್ಯತ್ಯಾಸವೇ ಬರಲಿಲ್ಲ. ನಮಗೆ ಈ ಇಡೀ ಓದಿನಲ್ಲಿ ತುಂಬ ಹಿಡಿಸಿದ್ದು ಇದು. ಚಿಂತಾಮಣಿಯ ಕನ್ನಡವನ್ನೂ ಮೈಸೂರಿನ ಕನ್ನಡವನ್ನೂ ಕನ್ನಡ ಬಾರದ ಬ್ರೆಜಿಲಿನವರಿಗೆ ಕೇಳಿಸಿದರೆ ಏನಾಗಬಹುದು, ನೀವೇ ಊಹಿಸಿ.

ಇನ್ನೂ ಸಂಶಯ ಇದ್ದರೆ ‘ರ್’ ಅಕ್ಷರ ತಗೊಳ್ಳಿ. ಆರ್‌ಪಿಯಲ್ಲಿ ‘ಕಾರ್’ ಅನ್ನೋದು ‘ಕಾ’, ‘ವಾಟರ್’ ಅನ್ನೋದು ‘ವಾಟಾ’. ರ್ ನುಂಗಿದರೆ ಅಲ್ಲಿ ದೊಡ್ಡಮನುಷ್ಯ. ವಿಲಿಯಂ ಲಬೋವ್ 1962ರಲ್ಲಿ ನ್ಯೂಯಾರ್ಕಿನ ಮೂರು ಅಂಗಡಿಗಳಿಗೆ ಹೋಗಿ, ನಾಲ್ಕನೇ ಮಹಡಿಯಲ್ಲಿರುವ ವಸ್ತು ಎಲ್ಲಿದೆ ಅಂತ ಬೇಕಂತಲೇ ಕೇಳಿ, ಸಿಬ್ಬಂದಿಯ ಬಾಯಿಂದ ‘ಫೋರ್ತ್ ಫ್ಲೋರ್’ ಅನ್ನಿಸಿ ಗುರುತು ಮಾಡಿಕೊಂಡರು. ದುಬಾರಿ ಅಂಗಡಿ ಸ್ಯಾಕ್ಸ್‌ನಲ್ಲಿ ರ್ ಹೆಚ್ಚು ಕೇಳಿಸಿತು, ಅಗ್ಗದ ಎಸ್. ಕ್ಲೈನ್‌ನಲ್ಲಿ ಕಡಿಮೆ. ಅಲ್ಲಿ ರ್ ನುಂಗಿದರೆ ಬಡವ! ಅದೇ ಅಕ್ಷರ, ಅಟ್ಲಾಂಟಿಕ್ ಆಚೆಗೊಂದು ಬೆಲೆ, ಈಚೆಗೊಂದು ಬೆಲೆ.

ಈಗ ನಮ್ಮ ‘ಆಲು’ವಿಗೆ ಬರೋಣ. ಲಂಡನ್ನಿನ ಪೂರ್ವ ಭಾಗದ ಕೂಲಿಕಾರರ ಕಾಕ್ನಿ ಉಚ್ಚಾರವನ್ನು ಅಲ್ಲಿನವರು ಆಡಿಕೊಳ್ಳುತ್ತಿದ್ದದ್ದು ಕೂಡ ಹಕಾರ ಬಿಟ್ಟಿದ್ದಕ್ಕೇ. 1964ರ ‘ಮೈ ಫೇರ್ ಲೇಡಿ’ ಸಿನಿಮಾದಲ್ಲಿ ಹೂ ಮಾರುವ ಎಲೈಜಾಗೆ ಹಕಾರ ಕಲಿಸೋಕೆ ಬಾಯಿ ಮುಂದೆ ಉರಿಯ ಜ್ವಾಲೆ ಇಡ್ತಾರೆ. ಹಕಾರ ಸರಿಯಾಗಿ ಬಂದರೆ ಗಾಳಿಗೆ ಜ್ವಾಲೆ ಅಲ್ಲಾಡಬೇಕು. ‘ಹೌಸ್’ ಬದಲು ‘ಔಸ್’ ಅನ್ನುವ ಲಂಡನ್ನಿನವನೂ, ‘ಹೋಗು’ ಬದಲು ‘ಓಗು’ ಅನ್ನುವ ನಮ್ಮವನೂ ನಾಲಿಗೆ ಮಟ್ಟಿಗೆ ಅಣ್ಣತಮ್ಮಂದಿರು. ನಮ್ಮಲ್ಲಿ ಅದು ಚಿಂತಾಮಣಿ ಒಂದರ ಸೊತ್ತೂ ಅಲ್ಲ, ಕೋಲಾರ, ಮಂಡ್ಯ, ಬೆಂಗಳೂರಿನ ಸುತ್ತಿನ ಹಳ್ಳಿಗಳಲ್ಲೆಲ್ಲ ‘ಓಯ್ತಾವ್ನೆ’ ಕೇಳ್ತೀರಿ.

ಇನ್ನೊಂದು ವಿಷಯ. ಈ ‘ಹಾಲು’ ಕೂಡ ಮೂಲದಲ್ಲಿ ಹಾಲಲ್ಲ. ಹಳಗನ್ನಡದಲ್ಲಿ ಅದು ಪಾಲ್. ಹುಲಿ ಪುಲಿಯಾಗಿತ್ತು, ಹಂದಿ ಪಂದಿ, ಹಾವು ಪಾವು, ಹೋಗು ಪೋಗು. ಸುಮಾರು ಹತ್ತನೇ ಶತಮಾನದಿಂದ ಮುಂದಕ್ಕೆ ಪದದ ಮೊದಲ ಪಕಾರ ನಿಧಾನವಾಗಿ ಹಕಾರವಾಯಿತು. ತುಟಿ ಮುಚ್ಚಿ ತೆಗೆಯುವ ಶ್ರಮ ಹೋಗಿ ಬರೀ ಉಸಿರು ಉಳಿಯಿತು. ‘ಆಲು’ ಅನ್ನುವವರು ಆ ಉಸಿರನ್ನೂ ಬಿಟ್ಟಿದ್ದಾರೆ, ಅಷ್ಟೆ. ಪಾಲು, ಹಾಲು, ಆಲು. ಮೊದಲನೇ ಹೆಜ್ಜೆಗೆ ಭಾಷೆಯ ಬೆಳವಣಿಗೆ ಅಂತ ಹೆಸರು, ಎರಡನೇ ಹೆಜ್ಜೆಗೆ ತಪ್ಪು ಅಂತ ಹೆಸರು.

ತೆಲುಗಿನಲ್ಲಿ ಆ ಪಕಾರ ಹಾಗೇ ಉಳಿದಿದೆ: ಪಾಲು, ಪುಲಿ, ಪಂದಿ, ಪಾಮು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ನಕ್ಷೆಯಲ್ಲೇ ಎರಡೂ ಸಿಗುತ್ತವೆ. ಒಂದು ಕಡೆ ಮುದ್ದೇನಹಳ್ಳಿ, ಮಂಚೇನಹಳ್ಳಿ, ಇನ್ನೊಂದು ಕಡೆ ಬಾಗೇಪಲ್ಲಿ. ಹಳ್ಳಿ, ಪಲ್ಲಿ ಒಂದೇ ಪದದ ಎರಡು ಮುಖ. ಗೌರಿಬಿದನೂರಿನಿಂದ ರೈಲು ಹತ್ತಿದರೆ ಹಿಂದೂಪುರ, ಚಿಂತಾಮಣಿಯಿಂದ ಬಸ್ಸು ಹತ್ತಿದರೆ ಮದನಪಲ್ಲಿ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ನಿಂತರೆ ಒಂದೇ ವ್ಯಾಪಾರ ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ಚೌಕಾಸಿಯಾಗಿ, ಉರ್ದುವಿನಲ್ಲಿ ಮುಗಿಯುವುದನ್ನು ಕೇಳಬಹುದು. (ಆ ಊರಿನ ಹೆಸರಿಗೇ ಕನ್ನಡ ಬೋರ್ಡಿನಲ್ಲಿ ‘ಶಿ’, ಇಂಗ್ಲಿಷ್ ಸ್ಪೆಲಿಂಗಿನಲ್ಲಿ ‘ಸಿ’!) ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ತೆಲುಗು ಕನ್ನಡ ಎರಡರಲ್ಲೂ ಹಾಡು ಕಟ್ಟಿದವರು. ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಹಾರ ಹಾಕುವ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಮನೆಮಾತೂ ತೆಲುಗೇ. ಎರಡು ಭಾಷೆಯಲ್ಲಿ ಬೆಳೆದ ನಾಲಿಗೆಗೆ ಒಂದರ ರಾಗ ಇನ್ನೊಂದರಲ್ಲಿ ಬರುವುದು ಸಹಜ. ಫ್ರೆಂಚ್ ರಾಗದ ಇಂಗ್ಲಿಷಿಗೆ ‘ಕ್ಯೂಟ್’ ಅಂತೀವಿ, ತೆಲುಗು ರಾಗದ ಕನ್ನಡಕ್ಕೆ ಏನಂತೀವಿ ಅಂತ ಬರೆಯೋದು ಬೇಡ.

ಎಲ್ಲವೂ ಬರೀ ಭ್ರಮೆ ಅಂತಲೂ ನಾವು ಹೇಳ್ತಿಲ್ಲ. ದನಿಯ ಆಳ, ಮಾತಿನ ವೇಗ, ನಿಲ್ಲಿಸುವ ಜಾಗ ಇವು ಯಾವ ಭಾಷೆಯಲ್ಲೂ ಪರಿಣಾಮ ಮಾಡುತ್ತವೆ. ಆರ್‌ಪಿಯ ಆಕರ್ಷಣೆಗೂ ಒಂದು ಮಿತಿ ಇದೆ. ಬ್ರಿಟನ್ನಿನ ಅಧ್ಯಯನಗಳಲ್ಲಿ ಆರ್‌ಪಿಯವರಿಗೆ ಬುದ್ಧಿ, ಸಾಮರ್ಥ್ಯದಲ್ಲಿ ಹೆಚ್ಚು ಅಂಕ ಬೀಳುತ್ತೆ, ಆದರೆ ಸ್ನೇಹ, ಪ್ರಾಮಾಣಿಕತೆಯಲ್ಲಿ ಊರಿನ ಉಚ್ಚಾರದವರೇ ಎಷ್ಟೋ ಸಲ ಮುಂದೆ. ‘ಲಯನ್ ಕಿಂಗ್’ನಲ್ಲಿ ಸಿಂಬಾ ಅಮೆರಿಕನ್, ಸ್ಕಾರ್ ಮಾತ್ರ ಬ್ರಿಟಿಷ್. ಜಾಣ, ಆದರೆ ನಂಬಬೇಡಿ ಅಂತ ದನಿಯೇ ಹೇಳಿಬಿಡುತ್ತೆ.

ನಮ್ಮ ಗೆಳೆಯನ ಇಂಟರ್‌ವ್ಯೂಗೆ ಸಂಬಂಧಪಟ್ಟದ್ದು ಇನ್ನೊಂದು ಪ್ರಯೋಗ. 2010ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಶಿರಿ ಲೆವ್-ಆರಿ ಮತ್ತು ಬೋಅಜ್ ಕೇಸರ್ ‘ಒಂಟೆಗಿಂತ ಜಿರಾಫೆ ಹೆಚ್ಚು ಕಾಲ ನೀರಿಲ್ಲದೆ ಇರಬಲ್ಲದು’ ಅನ್ನುವಂಥ ವಾಕ್ಯಗಳನ್ನು ಬೇರೆ ಬೇರೆ ಉಚ್ಚಾರದವರಿಂದ ಓದಿಸಿದರು. ಇದು ಓದಿದವರ ಮಾತಲ್ಲ, ಬರೆದುಕೊಟ್ಟದ್ದು ಅಂತ ಮೊದಲೇ ಹೇಳಿದ್ದರೂ, ವಿದೇಶಿ ಉಚ್ಚಾರದಲ್ಲಿ ಬಂದ ವಾಕ್ಯ ಕೇಳುಗರಿಗೆ ಕಡಿಮೆ ನಿಜ ಅನ್ನಿಸಿತು. ಅವರು ಕೊಡುವ ಕಾರಣ ಹಗೆತನವಲ್ಲ, ಶ್ರಮ. ಕೇಳೋಕೆ ಸ್ವಲ್ಪ ಕಷ್ಟವಾದರೆ ಮೆದುಳು ಆ ಕಷ್ಟವನ್ನೇ ಅನುಮಾನ ಅಂತ ಓದಿಕೊಳ್ಳುತ್ತೆ. ಅಂದರೆ ಸ್ಪಷ್ಟವಾಗಿ, ನಿಧಾನವಾಗಿ ಮಾತಾಡುವ ಅಭ್ಯಾಸ ನಿಜಕ್ಕೂ ಉಪಯೋಗದ್ದೇ. ಆದರೆ ‘ಸ್ಪಷ್ಟವಾಗಿ ಹೇಳು’ ಅನ್ನೋದೂ ‘ಬೇರೆಯವರ ಥರ ಹೇಳು’ ಅನ್ನೋದೂ ಎರಡು ಬೇರೆ ಸಲಹೆ. ಎರಡು ಸಾವಿರದ ಆಸುಪಾಸಿನಲ್ಲಿ ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ‘ಆಕ್ಸೆಂಟ್ ನ್ಯೂಟ್ರಲೈಸೇಶನ್’ ಕಲಿಸುವಾಗ ಈ ಎರಡೂ ಕಲಸಿಹೋದವು ಅಂತ ನಮ್ಮ ಅನಿಸಿಕೆ. ಆ ಗೊಜ್ಜನ್ನೇ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ನಮಗೆ ಈಗಲೂ ಬಡಿಸ್ತಾರೆ.

ಓದಿದ್ದನ್ನೆಲ್ಲ ಗೆಳೆಯನಿಗೆ ಹೇಳಿದೆವು. ಲ್ಯಾಂಬರ್ಟ್, ಜೈಲ್ಸ್ ಬಗ್ಗೆ ಅವನು ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಪಾಲಿನ ಕಥೆಗೆ ಮಾತ್ರ ಎದ್ದು ಕೂತ. ‘ಅಂಗಾದ್ರೆ ನಮ್ಮಜ್ಜಿ ಹೇಳೋದು ಹಳಗನ್ನಡಾನಾ?’ ಅಂದ. ತೆಲುಗು ಕಣೋ, ಆದರೆ ಆ ಪಕಾರ ಎರಡಕ್ಕೂ ಒಂದೇ ಮನೆಯದು ಅಂದೆವು. ಮರುದಿನ ಬೆಳಗ್ಗೆ ಮೆಸ್ಸಿನಲ್ಲಿ ಲೋಟ ಹಿಡಿದು ಎಲ್ಲರಿಗೂ ಕೇಳುವ ಹಾಗೆ, ‘ಅಣ್ಣಾ, ಪಾಲು!’ ಅಂದ. ಬಡಿಸುವ ಅಣ್ಣ ಬಾಗೇಪಲ್ಲಿ ಕಡೆಯವರು. ತಲೆ ಎತ್ತದೆ ಉತ್ತರ ಕೊಟ್ಟರು: ‘ಅಯಿಪೋಯಾಯಿ. ಟೀ ಉಂದಿ, ತಗೋ.’